ಬ್ಯಾಲೆನ್ಸ್ ನಂಬರ್ ಒಂದನ್ನೇ ನಂಬಿ ರ‍್ಯಾಕೆಟ್ ಆರಿಸಬೇಡಿ

ಪ್ರಶ್ನೆ: ನನಗೆ 41 ವರ್ಷ. ವಾರಕ್ಕೆ ನಾಲ್ಕು ದಿನ ಬ್ಯಾಡ್ಮಿಂಟನ್ ಡಬಲ್ಸ್ ಆಡುತ್ತೇನೆ. ಈಗ ನನ್ನ ಹತ್ತಿರ ಇರುವುದು 3ಯು ಅನ್ನುವ ತೂಕದ ದರ್ಜೆಯ, ಹೆಡ್ ಹೆವಿ (ತಲೆಯ ಕಡೆ ಭಾರ ಇರುವ), ಸ್ಟಿಫ್ ಶಾಫ್ಟಿನ (ಹಿಡಿ ಮತ್ತು ತಲೆಯ ನಡುವಿನ ಕಡ್ಡಿ ಗಡುಸಾಗಿರುವ) ರ‍್ಯಾಕೆಟ್. ಮೊದಲ ಗೇಮಿನಲ್ಲಿ ಸ್ಮ್ಯಾಶ್ ಚೆನ್ನಾಗಿ ಬೀಳುತ್ತದೆ. ಮೂರನೇ ಗೇಮಿಗೆ ಬರುವಷ್ಟರಲ್ಲಿ ಡಿಫೆನ್ಸ್ ತಡವಾಗುತ್ತದೆ, ಹಿಂದಿನ ಮೂಲೆಯಿಂದ ಹೊಡೆದ ಕ್ಲಿಯರ್ (ಎದುರಿನವರ ಅಂಕಣದ ಹಿಂಭಾಗಕ್ಕೆ ಎತ್ತರವಾಗಿ ಹೊಡೆಯುವುದು) ಅರ್ಧಕ್ಕೇ ಬೀಳುತ್ತದೆ. ಮೊಣಕೈ ಕೂಡ ಸ್ವಲ್ಪ ನೋಯುತ್ತಿದೆ. ಹೊಸದು ತಗೊಳ್ಳಲು ಮೂರು ರ‍್ಯಾಕೆಟ್ ನೋಡಿದ್ದೇನೆ. ಒಂದರ ಬ್ಯಾಲೆನ್ಸ್ 303 ಮಿ.ಮೀ., ಸ್ಟಿಫ್. ಎರಡನೆಯದು 295, ಮೀಡಿಯಂ. ಮೂರನೆಯದು 286, ಎಕ್ಸ್‌ಟ್ರಾ ಸ್ಟಿಫ್. ಮೂರೂ 4ಯು, ಅಂದರೆ 3ಯುಗಿಂತ ಹಗುರ ದರ್ಜೆಯವು. ಇವನ್ನು ಹೋಲಿಸುವುದು ಹೇಗೆ? ಹೆಡ್ ಲೈಟ್ (ತಲೆ ಹಗುರ ಇರುವುದು) ತಗೊಂಡರೆ ಸ್ಮ್ಯಾಶ್ ಹೋಗಿಬಿಡುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಹೆದರಿಕೆ ಇರುವುದು ಅಲ್ಲೇ ಅಲ್ವಾ?

ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅವರ ಕೈಯಲ್ಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000ಝಡ್. ಕಂಪನಿಯೇ ಅದನ್ನು ಹೆಡ್ ಲೈಟ್ ಸಾಲಿನಲ್ಲಿ ಇಟ್ಟಿದೆ. ಅದಕ್ಕೂ ಮುಂಚೆ, 2013ರಲ್ಲಿ, 493 ಕಿ.ಮೀ. ದಾಖಲೆ ಮಾಡಿದ್ದವರು ಮಲೇಷ್ಯಾದ ಟಾನ್ ಬೂನ್ ಹಿಯಾಂಗ್. ಅವರು ಹಿಡಿದಿದ್ದ ನ್ಯಾನೋರೇ ಝಡ್-ಸ್ಪೀಡ್ ಕೂಡ ಅದೇ ಸಾಲಿನದು. ಎರಡೂ ಪಂದ್ಯದಲ್ಲಿ ಆದದ್ದಲ್ಲ, ದಾಖಲೆಗೆಂದೇ ಹೊಡೆದದ್ದು. ಅವರ ತೋಳು ನಮ್ಮ ತೋಳಲ್ಲ, ಅದೂ ನಿಜ. ಆದರೂ ತಲೆ ಭಾರ ಇದ್ದರೆ ಮಾತ್ರ ಸ್ಮ್ಯಾಶ್ ಅನ್ನುವ ನಂಬಿಕೆ ನಿಲ್ಲುವುದಿಲ್ಲ ಅಂತ ತೋರಿಸಲು ಇಷ್ಟು ಸಾಕು.

ಕಾರಣ ಸರಳ. ಶಟಲ್ ತೂಗುವುದು 4.74ರಿಂದ 5.50 ಗ್ರಾಂ, ನಿಯಮದಲ್ಲೇ ಹಾಗಿದೆ. ಅದಕ್ಕೆ ಹೋಲಿಸಿದರೆ ರ‍್ಯಾಕೆಟ್ಟಿನ ತಲೆ ಈಗಾಗಲೇ ಬೇಕಾದಷ್ಟು ಭಾರ ಇದೆ. ಅದೇ ವೇಗದಲ್ಲಿ ಬೀಸಿದರೆ, ಬೀಸು ಭಾರವನ್ನು (ಬೀಸುವಾಗ ಕೈಗೆ ಸಿಗುವ ಭಾರ) ನೂರಕ್ಕೆ ಐದರಷ್ಟು ಹೆಚ್ಚಿಸಿದರೂ ಶಟಲ್ಲಿಗೆ ಸಿಗುವ ಹೆಚ್ಚುವರಿ ವೇಗ ನೂರಕ್ಕೆ ಅರ್ಧದ ಆಸುಪಾಸು. ಆ ಭಾರದಿಂದ ನಿಮ್ಮ ಬೀಸು ನೂರಕ್ಕೆ ಒಂದರಷ್ಟು ನಿಧಾನ ಆದರೂ ನಷ್ಟವೇ. ಶಟಲ್ಲನ್ನು ಓಡಿಸುವುದು ಮುಖ್ಯವಾಗಿ ತಲೆಯ ವೇಗ.

ಹಾಗಾದರೆ ಹೆಡ್ ಹೆವಿ ಹಿಡಿದವರಿಗೆ ಸ್ಮ್ಯಾಶ್ ಚೆನ್ನಾಗಿ ಬೀಳುವುದು ಸುಳ್ಳಾ? ಸುಳ್ಳಲ್ಲ. ತಲೆಯ ಮೇಲಿಂದ ಪೂರ್ತಿ ಬೀಸಿ ಹೊಡೆಯುವಾಗ ಸೊಂಟ, ಭುಜ, ತೋಳು ಎಲ್ಲ ಸೇರಿಕೊಳ್ಳುತ್ತವೆ. ತೋಳಿನ ತೂಕವೇ ಕೆಲವು ಕೆ.ಜಿ. ಇರುವಾಗ ತಲೆಯಲ್ಲಿ ಎರಡು ಗ್ರಾಂ ಜಾಸ್ತಿ ಆದರೆ ಬೀಸು ಅಷ್ಟೇನೂ ನಿಧಾನ ಆಗುವುದಿಲ್ಲ. ಜೊತೆಗೆ ತಲೆ ಎಲ್ಲಿದೆ ಅನ್ನುವುದು ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಟೈಮಿಂಗ್ ಸಲೀಸಾಗುತ್ತದೆ. ಡಿಫೆನ್ಸ್ ಹಾಗಲ್ಲ. ಎದುರಿನವರು ಮೈಮೇಲೆ ಹೊಡೆದಾಗ ನಿಮಗೆ ಸಿಗುವುದು ಮುಂಗೈ ತಿರುವು ಮತ್ತು ಬೆರಳಿನ ಬಿಗಿ ಮಾತ್ರ. ಆ ಸಣ್ಣ ಬೀಸಿನಲ್ಲಿ ತೋಳಿನ ಸಹಾಯ ಇಲ್ಲ, ತಲೆಯ ಒಂದೊಂದು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ನಿಮಗೆ ಮೊದಲ ಗೇಮಿನಲ್ಲಿ ಸ್ಮ್ಯಾಶ್ ಸರಿ ಇದ್ದು ಮೂರನೆಯದರಲ್ಲಿ ಡಿಫೆನ್ಸ್ ಕೈಕೊಡುವುದು ಇದೇ ಕಾರಣಕ್ಕೆ.

ಈಗ ಆ 303, 295, 286 ನಂಬರುಗಳಿಗೆ ಬರೋಣ.

ಬ್ಯಾಲೆನ್ಸ್ ಅಂದರೆ ಹಿಡಿಯ ಬುಡದಿಂದ ರ‍್ಯಾಕೆಟ್ ಸಮತೂಗಿ ನಿಲ್ಲುವ ಜಾಗಕ್ಕೆ ಇರುವ ದೂರ. ಸಾಮಾನ್ಯವಾಗಿ ಗಟ್ (ತಲೆಯಲ್ಲಿ ಹೆಣೆಯುವ ತಂತಿ) ಹಾಕದ ರ‍್ಯಾಕೆಟ್ 285ಕ್ಕಿಂತ ಕಡಿಮೆ ಇದ್ದರೆ ಹೆಡ್ ಲೈಟ್, 295ಕ್ಕಿಂತ ಜಾಸ್ತಿ ಇದ್ದರೆ ಹೆಡ್ ಹೆವಿ, ನಡುವೆ ಇದ್ದರೆ ಈವನ್ ಅನ್ನುತ್ತಾರೆ. 'ಗಟ್ ಹಾಕದ' ಅನ್ನುವ ಮಾತನ್ನು ಗಮನಿಸಿ. ಗಟ್ಟಿನ ತೂಕ ನಾಲ್ಕರಿಂದ ಐದು ಗ್ರಾಂ, ಅದೆಲ್ಲ ತಲೆಯಲ್ಲೇ ಕೂರುತ್ತದೆ. ಅಷ್ಟಕ್ಕೇ ಬ್ಯಾಲೆನ್ಸ್ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಮೇಲೆ ಹೋಗುತ್ತದೆ. ನಿಮ್ಮ 303 ಗಟ್ ಸಮೇತ ಅಳೆದದ್ದಾಗಿ, 295 ಗಟ್ ಇಲ್ಲದೆ ಅಳೆದದ್ದಾಗಿದ್ದರೆ, ಆಡುವಾಗ ಎರಡನೆಯದೇ ಜಾಸ್ತಿ ಹೆಡ್ ಹೆವಿ! ನಂಬರ್ ಕೊಟ್ಟವರು ಹೇಗೆ ಅಳೆದರು ಅಂತ ತಿಳಿಯದೆ ಎಂಟು ಮಿಲಿಮೀಟರ್ ವ್ಯತ್ಯಾಸದ ಮೇಲೆ ತೀರ್ಮಾನ ಮಾಡಬೇಡಿ.

4ಯು ಅನ್ನುವುದೂ ಅಷ್ಟೇ. ಯೋನೆಕ್ಸ್ ಲೆಕ್ಕದಲ್ಲಿ ಅದು 80ರಿಂದ 84.9 ಗ್ರಾಂವರೆಗಿನ ಒಂದು ವ್ಯಾಪ್ತಿ, 3ಯು ಅಂದರೆ 85ರಿಂದ 89.9. ಒಮ್ಮೆ ಒಬ್ಬ ಆಟಗಾರರು ಒಂದೇ ಮಾದರಿಯ, ಒಂದೇ ಬಣ್ಣದ ಎರಡು 4ಯು ರ‍್ಯಾಕೆಟ್ ನನ್ನ ಹತ್ತಿರ ಗಟ್ಟಿಂಗ್‌ಗೆ (ಗಟ್ ಹಾಕಿಸಲು) ತಂದಿದ್ದರು. ಒಂದು ಕೈಗೆ ಹತ್ತುತ್ತದೆ, ಇನ್ನೊಂದು ಹತ್ತುವುದಿಲ್ಲ, ಗಟ್ ಸರಿ ಹಾಕಿಲ್ಲವೇನೋ ಅಂತ ಅವರ ದೂರು. ಎರಡರ ಗಟ್ಟನ್ನೂ ಬಿಚ್ಚಿ ತೂಗಿದೆ. ಒಂದು 81 ಗ್ರಾಂ ಚಿಲ್ಲರೆ, ಇನ್ನೊಂದು 84ರ ಮೇಲೆ. ಅವರ ಕೈ ಸರಿಯಾಗೇ ಹೇಳಿತ್ತು.

ಇದೆಲ್ಲ ಅಳತೆಯ ತಕರಾರು. ಅಸಲಿ ವಿಷಯ ಬೇರೆ ಇದೆ. ಬ್ಯಾಲೆನ್ಸ್ ಅನ್ನುವುದು ಸುಮ್ನೆ ನಿಂತಿರುವ ರ‍್ಯಾಕೆಟ್ಟಿನ ಗುಣ. ನೀವು ಆಡುವುದು ಬೀಸುವ ರ‍್ಯಾಕೆಟ್ಟಿನಲ್ಲಿ.

ಈಗಲೇ ರ‍್ಯಾಕೆಟ್ ಎತ್ತಿಕೊಂಡು ಎರಡು ಸಲ ಬೀಸಿ. ಆಮೇಲೆ ತಿರುಗಿಸಿ, ತಲೆಯನ್ನು ಹಿಡಿದು ಹಿಡಿಯ ಭಾಗವನ್ನು ಬೀಸಿ. ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ, ಆದರೆ ಕೈಗೆ ಬೇರೆಯದೇ ವಸ್ತು ಅನ್ನಿಸುತ್ತದೆ. ಬೀಸುವಾಗ ಕೈಗೆ ಸಿಗುವ ಈ ಭಾರವನ್ನೇ ಸ್ವಿಂಗ್ ವೇಯ್ಟ್ ಅನ್ನುತ್ತಾರೆ, ಮೇಲೆ ನಾನು ಬೀಸು ಭಾರ ಅಂದದ್ದು ಇದನ್ನೇ. ಇದರಲ್ಲಿ ಪ್ರತಿ ಗ್ರಾಂ ಕೈಯಿಂದ ಎಷ್ಟು ದೂರ ಇದೆ ಅನ್ನುವುದು ಮುಖ್ಯ. ದೂರ ಎರಡು ಪಟ್ಟಾದರೆ ಅದರ ಪ್ರಭಾವ ನಾಲ್ಕು ಪಟ್ಟು. ಕೈಯೊಳಗೇ ಇರುವ ತೂಕ ಬೀಸಿಗೆ ಹತ್ತಿರ ಹತ್ತಿರ ಸೊನ್ನೆ.

ಇದನ್ನು ಮನೆಯಲ್ಲೇ ಅಳೆಯಬಹುದು. ಐದು ನಿಮಿಷದ ಕೆಲಸ, ಬಿಡಿಸಿ ಹೇಳುತ್ತೇನೆ. ಗಟ್, ಗ್ರಿಪ್ ಎಲ್ಲ ಇರುವ, ಆಡಲು ತಯಾರಾದ ರ‍್ಯಾಕೆಟ್ ತಗೊಳ್ಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಸ್ಕೇಲಿನ ಅಂಚಿನ ಮೇಲೆ ಅಡ್ಡ ಇಟ್ಟು ಅದು ಸಮತೂಗುವ ಜಾಗ ಹುಡುಕಿ, ಬುಡದಿಂದ ಎಷ್ಟು ಸೆಂಟಿಮೀಟರ್ ಅಂತ ಬರೆದುಕೊಳ್ಳಿ. ಆಮೇಲೆ ಹಿಡಿಯ ಬುಡದಿಂದ 9 ಸೆಂ.ಮೀ. ಮೇಲೆ ಒಂದು ಪೆನ್ಸಿಲ್ಲನ್ನು ಅಡ್ಡಲಾಗಿ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಒಂದೇ ಎತ್ತರದ ಎರಡು ಕುರ್ಚಿಗಳ ನಡುವೆ ಪೆನ್ಸಿಲ್ಲಿನ ತುದಿಗಳನ್ನು ಇಟ್ಟರೆ ರ‍್ಯಾಕೆಟ್ ತಲೆ ಕೆಳಗಾಗಿ ನೇತಾಡುತ್ತದೆ. ಸ್ವಲ್ಪವೇ ಎಳೆದು ಬಿಡಿ. ಗೋಡೆ ಗಡಿಯಾರದ ಲೋಲಕದ ಹಾಗೆ ಆಡುತ್ತದೆ. ಹೋಗಿ ವಾಪಸ್ ಬಂದರೆ ಒಂದು. ಹಾಗೆ 20 ಸಲ ಆಗಲು ಎಷ್ಟು ಸೆಕೆಂಡ್ ಅಂತ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ, 20ರಿಂದ ಭಾಗಿಸಿ.

ಬಂದ ಸಮಯವನ್ನು ಅದರಿಂದಲೇ ಗುಣಿಸಿ. ಅದನ್ನು ಗ್ರಾಂ ತೂಕದಿಂದ ಗುಣಿಸಿ. ಬ್ಯಾಲೆನ್ಸಿನಲ್ಲಿ 9 ಕಳೆದು ಉಳಿದ ಸೆಂಟಿಮೀಟರಿನಿಂದಲೂ ಗುಣಿಸಿ. ಕೊನೆಗೆ 40ರಿಂದ ಭಾಗಿಸಿ. ಉದಾಹರಣೆಗೆ 93 ಗ್ರಾಂ ತೂಕ, 30 ಸೆಂ.ಮೀ. ಬ್ಯಾಲೆನ್ಸ್, 20 ಸಲಕ್ಕೆ 27 ಸೆಕೆಂಡ್ ಅಂದುಕೊಳ್ಳಿ. ಒಂದಕ್ಕೆ 1.35 ಸೆಕೆಂಡ್. 1.35ನ್ನು 1.35ರಿಂದ, ಆಮೇಲೆ 93ರಿಂದ, ಆಮೇಲೆ 21ರಿಂದ ಗುಣಿಸಿ 40ರಿಂದ ಭಾಗಿಸಿದರೆ 89. ಇದೇ ಸ್ವಿಂಗ್ ವೇಯ್ಟ್. ಇನ್ನೊಂದು ರ‍್ಯಾಕೆಟ್ 90 ಗ್ರಾಂ, 29.6 ಸೆಂ.ಮೀ., 26.8 ಸೆಕೆಂಡ್ ಬಂದರೆ ಅದರದು 83. ಪೆನ್ಸಿಲ್ ಸ್ವಲ್ಪ ಉರುಳುವುದರಿಂದ ಲ್ಯಾಬಿನ ನಿಖರತೆ ಸಿಗುವುದಿಲ್ಲ. ಆದರೆ ಎಲ್ಲ ರ‍್ಯಾಕೆಟ್ಟನ್ನೂ ಒಂದೇ ಥರ, ಮೂರು ಮೂರು ಸಲ ಅಳೆದರೆ ಹೋಲಿಕೆಗೆ ಧಾರಾಳ ಸಾಕು. ಸಮಯ ಒಂದನ್ನೇ ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಪೂರ್ತಿ ಲೆಕ್ಕ ಹಾಕಿ.

ಈಗ ತಮಾಷೆ ನೋಡಿ. ಆ 93 ಗ್ರಾಂ ರ‍್ಯಾಕೆಟ್ಟಿಗೆ 5 ಗ್ರಾಂ ಓವರ್‌ಗ್ರಿಪ್ ಸುತ್ತಿ. ಬ್ಯಾಲೆನ್ಸ್ 300ರಿಂದ 289ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಅದು ಹನ್ನೊಂದು ಮಿಲಿಮೀಟರ್ ಹೆಡ್ ಲೈಟ್ ಆಯಿತು. ಮತ್ತೆ ನೇತುಹಾಕಿ ಅಳೆಯಿರಿ. ಸ್ವಿಂಗ್ ವೇಯ್ಟ್ ಅದೇ 89. ಗ್ರಿಪ್ ತೆಗೆದು, ಬದಲಿಗೆ ತಲೆಯ ತುದಿಗೆ ಬರೀ 1 ಗ್ರಾಂ ಸೀಸದ ಟೇಪ್ ಅಂಟಿಸಿ. ಬ್ಯಾಲೆನ್ಸ್ ಏರುವುದು ನಾಲ್ಕೇ ಮಿಲಿಮೀಟರ್, ಆದರೆ ಸ್ವಿಂಗ್ ವೇಯ್ಟ್ 92 ದಾಟುತ್ತದೆ. ಎಷ್ಟೋ ಜನ ಹಿಡಿಗೆ ದಪ್ಪ ಗ್ರಿಪ್ ಸುತ್ತಿ ರ‍್ಯಾಕೆಟ್ ವೇಗ ಆಯಿತು ಅಂದುಕೊಳ್ಳುತ್ತಾರೆ. ಕೈಯಲ್ಲಿ ಹಿಡಿದು ನಿಂತಾಗ ಹಗುರ ಅನ್ನಿಸುವುದು ನಿಜ. ಡ್ರೈವ್ ಹೊಡೆತದಲ್ಲಿ (ನೆಟ್ಟಿನ ಮೇಲೆ ಚಪ್ಪಟೆಯಾಗಿ ಹೊಡೆಯುವುದು) ಮುಂಗೈ ತಿರುಗಿಸುವಾಗ ಅದರಿಂದ ಏನೂ ಸಿಗುವುದಿಲ್ಲ. ಅಷ್ಟೇ ಅಲ್ಲ, ಭುಜದಿಂದ ಪೂರ್ತಿ ಬೀಸುವಾಗ ಆ ಐದು ಗ್ರಾಂ ಕೂಡ ತೋಳಿನ ಜೊತೆ ಓಡಬೇಕು. ಅದಕ್ಕೇ ಒಟ್ಟು ತೂಕವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಬೀಸಿನ ವೇಗಕ್ಕೆ ಗಾಳಿಯ ಪಾಲೂ ಇದೆ. ಫ್ರೇಮ್ ತೆಳುವಾಗಿದ್ದರೆ ಗಾಳಿ ಸೀಳುವುದು ಸುಲಭ, ವೇಗ ಹೆಚ್ಚಿದಷ್ಟೂ ಈ ವ್ಯತ್ಯಾಸ ಹೆಚ್ಚು. ಸ್ವಿಂಗ್ ವೇಯ್ಟ್ ಒಂದೇ ಇದ್ದ ಎರಡರಲ್ಲಿ ತೆಳು ಫ್ರೇಮಿನದು ಸ್ಮ್ಯಾಶಿನಲ್ಲಿ ಚುರುಕು ಅನ್ನಿಸಬಹುದು. ನಿಮ್ಮ ಆಯ್ಕೆ ಇದರ ಮೇಲೆ ನಿಲ್ಲುವುದಿಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಶಾಫ್ಟ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ನಿಮ್ಮ ಕ್ಲಿಯರ್ ಅರ್ಧಕ್ಕೇ ಬೀಳುವುದರಲ್ಲಿ ಇದರ ಕೈವಾಡ ಇದೆ ಅಂತ ನನ್ನ ಅನುಮಾನ. ಶಟಲ್ ತಾಗಿದಾಗ ಶಾಫ್ಟ್ ಬಾಗಿ, ಆಮೇಲೆ ಸ್ಪ್ರಿಂಗಿನ ಹಾಗೆ ಶಟಲ್ಲನ್ನು ಚಿಮ್ಮಿಸುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಹಾಗಾಗುವುದಿಲ್ಲ. ಶಟಲ್ ಗಟ್ಟಿನ ಮೇಲೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಶಾಫ್ಟ್ ಬಾಗಿ ನೆಟ್ಟಗಾಗುವಷ್ಟರಲ್ಲಿ ಅದು ಹೋಗಿಯಾಗಿರುತ್ತದೆ. ಶಾಫ್ಟ್ ಬಾಗುವುದು ಅದಕ್ಕೂ ಮೊದಲು. ನೀವು ಜೋರಾಗಿ ಬೀಸಲು ಶುರು ಮಾಡಿದಾಗ ಹಿಡಿ ಮುಂದೆ ಹೋಗುತ್ತದೆ, ತಲೆ ಒಂದಿಷ್ಟು ಹಿಂದೆ ಉಳಿಯುತ್ತದೆ. ಆಮೇಲೆ ತಲೆ ಹಿಡಿಯನ್ನು ಹಿಂದಿಕ್ಕಿ ಮುಂದೆ ಚಿಮ್ಮುತ್ತದೆ. ಆ ಚಿಮ್ಮುವ ಗಳಿಗೆಯಲ್ಲೇ ಶಟಲ್ ತಾಗಿದರೆ ಪುಕ್ಕಟೆ ವೇಗ ಸಿಕ್ಕಿದ ಹಾಗೆ.

ಸ್ಟಿಫ್ ಶಾಫ್ಟ್ ಬೇಗ ಚಿಮ್ಮುತ್ತದೆ, ಆದರೆ ಅದನ್ನು ಬಾಗಿಸಲು ಬೀಸು ಚುರುಕಾಗಿರಬೇಕು. ದಣಿದ ಕೈ ಅದನ್ನು ಬಾಗಿಸುವುದಿಲ್ಲ. ಆಗ ಹಲಗೆಯಿಂದ ಹೊಡೆದ ಹಾಗೆ ಅನ್ನಿಸುತ್ತದೆ, ಶಟಲ್ ಅರ್ಧ ದಾರಿಯಲ್ಲಿ ಇಳಿಯುತ್ತದೆ. ನೀವು ಇನ್ನೂ ಬಿಗಿಯಾಗಿ ಹಿಡಿದು ತೋಳಿನ ಬಲ ಹಾಕುತ್ತೀರಿ, ಪೆಟ್ಟು ಮೊಣಕೈಗೆ ಹೋಗುತ್ತದೆ. ತುಂಬ ಬಾಗುವ ಶಾಫ್ಟಿನ ಕಷ್ಟ ಇದಕ್ಕೆ ಉಲ್ಟಾ. ಚುರುಕಾಗಿ ಬೀಸುವವರ ಕೈಯಲ್ಲಿ ತಲೆ ತಡವಾಗಿ ಬರುತ್ತದೆ, ಮುಖ ಎತ್ತ ತಿರುಗಿದೆ ಅಂತ ಗೊತ್ತಾಗುವುದಿಲ್ಲ. ಗುರಿಯಿಟ್ಟ ಡ್ರೈವ್ ಒಮ್ಮೆ ಮೇಲೆ, ಒಮ್ಮೆ ಪಕ್ಕಕ್ಕೆ ಹೋಗುತ್ತದೆ.

ಸ್ಟಿಫ್, ಮೀಡಿಯಂ ಅನ್ನುವ ಹೆಸರುಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾದ ಅಳತೆಗೋಲು ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಟಿಫ್ ಆಗಿರಬಹುದು. ಪಕ್ಕಪಕ್ಕ ಇಟ್ಟು ನೋಡುವುದೇ ವಾಸಿ. ಹಿಡಿಯನ್ನು ಮೇಜಿನ ಅಂಚಿನಲ್ಲಿ ಒಬ್ಬರು ಗಟ್ಟಿಯಾಗಿ ಒತ್ತಿ ಹಿಡಿಯಲಿ, ಶಾಫ್ಟ್ ಮತ್ತು ತಲೆ ಹೊರಗೆ ಚಾಚಿರಲಿ. ತಲೆಯ ತುದಿಗೆ ದಾರದಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ತೂಗುಹಾಕಿ, ತುದಿ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ಸ್ಕೇಲ್ ನಿಲ್ಲಿಸಿ ನೋಡಿ. ಜಾಸ್ತಿ ಇಳಿದದ್ದು ಜಾಸ್ತಿ ಬಾಗುತ್ತದೆ. ನಿಮ್ಮ ಹಳೆಯ ರ‍್ಯಾಕೆಟ್ಟನ್ನೂ ಹೀಗೇ ಅಳೆಯಿರಿ, ಆಗ ಆ ನಂಬರಿಗೆ ಅರ್ಥ ಬರುತ್ತದೆ. ಹೆಡ್ ಲೈಟ್ ಅಂದರೆ ಮೆದು, ಹೆಡ್ ಹೆವಿ ಅಂದರೆ ಗಡುಸು ಅಂತೇನೂ ಇಲ್ಲ. ರಂಕಿರೆಡ್ಡಿ ಹಿಡಿದಿದ್ದ ಆ ಹೆಡ್ ಲೈಟ್ ರ‍್ಯಾಕೆಟ್ ಎಕ್ಸ್‌ಟ್ರಾ ಸ್ಟಿಫ್. ಅವರ ಬೀಸಿಗೆ ಅದು ಸರಿ.

ಹಾಗಾಗಿ ನಿಮ್ಮ ಮೂರರಲ್ಲಿ ಮೂರನೆಯದನ್ನು ನಾನು ಮೊದಲು ಪಕ್ಕಕ್ಕೆ ಇಡುತ್ತೇನೆ. 286 ನೋಡಿದಾಗ ಡಿಫೆನ್ಸಿಗೆ ಇದೇ ಮದ್ದು ಅನ್ನಿಸುವುದು ಸಹಜ. ಎರಡು ಗೇಮ್ ಖುಷಿಯಾಗಿಯೂ ಆಡುತ್ತೀರಿ. ಆದರೆ ಹಗುರವಾದ ತಲೆಗೆ ಆ ಗಡುಸು ಶಾಫ್ಟನ್ನು ಬಾಗಿಸುವ ತೂಕವೂ ಕಡಿಮೆ, ಆ ಕೆಲಸವನ್ನೆಲ್ಲ ನಿಮ್ಮ ಬೀಸೇ ಮಾಡಬೇಕು. ದಣಿದಾಗ ಕ್ಲಿಯರ್ ಈಗಿಗಿಂತ ಮುಂಚೆಯೇ ಬೀಳುತ್ತದೆ, ಮೊಣಕೈಯೂ ಸುಮ್ಮನಿರುವುದಿಲ್ಲ. ಮೊದಲನೆಯದು ನಿಮ್ಮ ಈಗಿನ ರ‍್ಯಾಕೆಟ್ಟಿನ ತಮ್ಮನೇ. ಒಟ್ಟು ತೂಕ ಕಡಿಮೆ ಆಗುತ್ತದೆ, ಆದರೆ 303 ಗಟ್ ಇಲ್ಲದ ಅಳತೆ ಆಗಿದ್ದರೆ ಬೀಸುವಾಗ ಹೆಚ್ಚೇನೂ ಬದಲಾವಣೆ ಸಿಗದಿರಬಹುದು.

ಎರಡನೆಯದು, 295 ಮೀಡಿಯಂ, ನನ್ನ ಆಯ್ಕೆ. ಆದರೆ ಒಂದು ಶರತ್ತು. ಪೆನ್ಸಿಲ್ ಪರೀಕ್ಷೆಯಲ್ಲಿ ಅದರ ಸ್ವಿಂಗ್ ವೇಯ್ಟ್ ನಿಮ್ಮ ಹಳೆಯದಕ್ಕಿಂತ ಐದಾರು ಅಂಕ ಕಡಿಮೆ ಬರಬೇಕು. ಹಳೆಯದು 91 ಇದ್ದರೆ ಹೊಸದು 85ರ ಆಸುಪಾಸು. ಒಂದು ಅಂಕದ ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ. ಮೂರು ಅಂಕ ಗೊತ್ತಾಗುತ್ತದೆ. ಅದೇ ಮಾದರಿಯ ಎರಡು ಮೂರು ರ‍್ಯಾಕೆಟ್ ಮುಂದಿದ್ದರೆ ಎಲ್ಲವನ್ನೂ ತೂಗಿ, ಹಗುರವಾದದ್ದನ್ನೇ ಎತ್ತಿಕೊಳ್ಳಿ. ತೀರಾ ಹಗುರ ಅನ್ನಿಸಿದರೆ ತಲೆಯ ಎರಡೂ ಬದಿಗೆ, ಗಡಿಯಾರದಲ್ಲಿ ಹತ್ತು ಮತ್ತು ಎರಡು ಗಂಟೆ ಇರುವ ಜಾಗದಲ್ಲಿ, ಅರ್ಧ ಅರ್ಧ ಗ್ರಾಂ ಟೇಪ್ ಅಂಟಿಸಿದರಾಯಿತು. ಭಾರ ಇರುವ ತಲೆಯಿಂದ ಕೆರೆದು ತೆಗೆಯಲು ಬರುವುದಿಲ್ಲ.

ಕೋರ್ಟಿನಲ್ಲಿ ಹೋಲಿಸುವಾಗ ಎರಡರಲ್ಲೂ ಒಂದೇ ಗಟ್, ಒಂದೇ ಟೆನ್ಷನ್ (ಪೌಂಡಿನಲ್ಲಿ ಹೇಳುವ ಗಟ್ಟಿನ ಬಿಗಿ), ಒಂದೇ ಗ್ರಿಪ್ ಇರಲಿ, ಗಟ್ ಎರಡರಲ್ಲೂ ಹೊಸದಿರಲಿ. ಇದು ತುಂಬ ಮುಖ್ಯ. ಸ್ನೇಹಿತರ ರ‍್ಯಾಕೆಟ್ಟಿನಲ್ಲಿ 22 ಪೌಂಡ್ ಹಳೆಯ ಗಟ್, ನಿಮ್ಮದರಲ್ಲಿ 27 ಪೌಂಡ್ ಹೊಸ ಗಟ್ ಇದ್ದರೆ ನೀವು ಗಟ್ಟನ್ನು ಹೋಲಿಸುತ್ತಿದ್ದೀರಿ, ರ‍್ಯಾಕೆಟ್ಟನ್ನಲ್ಲ. ನಿಮ್ಮ ಮೊಣಕೈ ಸ್ಥಿತಿಗೆ 23 ಅಥವಾ 24 ಪೌಂಡ್ ಸಾಕು. ಟೆನ್ಷನ್ ಕಡಿಮೆ ಇದ್ದಾಗ ಗಟ್ಟೇ ಶಟಲ್ಲನ್ನು ಚೆನ್ನಾಗಿ ಎಗರಿಸುತ್ತದೆ, ಮಧ್ಯ ತಪ್ಪಿ ತಾಗಿದರೂ ಕೈಗೆ ಪೆಟ್ಟು ಕಡಿಮೆ.

ಬೆಳಗ್ಗೆ ಹುರುಪಿನಲ್ಲಿ ಹತ್ತು ಸ್ಮ್ಯಾಶ್ ಹೊಡೆದು ತೀರ್ಮಾನ ಮಾಡಬೇಡಿ. ಹುರುಪಿನ ಕೈಗೆ ಎಲ್ಲ ರ‍್ಯಾಕೆಟ್ಟೂ ಒಳ್ಳೆಯದೇ. ಒಂದೂವರೆ ಗಂಟೆ ಆಡಿದ ಮೇಲೆ, ಅಂಗಿ ಒದ್ದೆಯಾದ ಮೇಲೆ, ಜೊತೆಗಾರರಿಗೆ ಹೇಳಿ ಮೈಮೇಲೆ 20 ಸ್ಮ್ಯಾಶ್ ಹೊಡೆಸಿಕೊಳ್ಳಿ. ಎಷ್ಟು ವಾಪಸ್ ಹೋದವು, ಅದರಲ್ಲಿ ಎಷ್ಟು ನೆಟ್ಟಿನ ಮೇಲೆ ಚಪ್ಪಟೆಯಾಗಿ ಹೋದವು ಅಂತ ಎಣಿಸಿ. ಆಮೇಲೆ ಹಿಂದಿನ ಮೂಲೆಯಿಂದ ಹತ್ತು ಬ್ಯಾಕ್‌ಹ್ಯಾಂಡ್ ಕ್ಲಿಯರ್. ಶಾಫ್ಟ್ ನಿಮಗೆ ಹೊಂದುತ್ತದೋ ಇಲ್ಲವೋ ಅಂತ ಹೇಳುವುದರಲ್ಲಿ ಈ ಒಂದು ಹೊಡೆತಕ್ಕೆ ಸಮ ಇನ್ನೊಂದಿಲ್ಲ. ರ‍್ಯಾಕೆಟ್ ಬದಲಿಸಿ ಮತ್ತೆ ಅದೇ. ಬೇರೆ ದಿನ ಮೊದಲು ಹಿಡಿದದ್ದನ್ನು ಎರಡನೆಯದಾಗಿ ಹಿಡಿಯಿರಿ, ಇಲ್ಲದಿದ್ದರೆ ದಣಿವಿನ ಲೆಕ್ಕ ಒಂದರ ತಲೆಗೇ ಬೀಳುತ್ತದೆ. ಮೂರು ದಿನ ಹೀಗೆ ಮಾಡಿದರೆ ಸಾಕು.

ಮೊಣಕೈ ವಿಷಯದಲ್ಲಿ ಮಾತ್ರ ರ‍್ಯಾಕೆಟ್ ಬದಲಾಗಲಿ ಅಂತ ಕಾಯಬೇಡಿ. ಈ ವಾರವೇ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ, ಅವರು ಆಟ ನಿಲ್ಲಿಸಿ ಅಂದರೆ ನಿಲ್ಲಿಸಿ. ಹಿಡಿಯ ದಪ್ಪವನ್ನೂ ನೋಡಿಕೊಳ್ಳಿ. ಹಿಡಿ ನಿಮ್ಮ ಕೈಗೆ ತೀರಾ ಸಣ್ಣದಿದ್ದರೆ ಜಾರದಿರಲಿ ಅಂತ ಇಡೀ ಹೊತ್ತು ಬಿಗಿಯಾಗಿ ಹಿಡಿಯುತ್ತೀರಿ, ಆ ಬಿಗಿ ನೇರ ಮೊಣಕೈಗೆ ಹೋಗುತ್ತದೆ. ಯೋನೆಕ್ಸ್ ಲೆಕ್ಕದಲ್ಲಿ ಜಿ ನಂಬರ್ ಹೆಚ್ಚಾದಷ್ಟೂ ಹಿಡಿ ಸಣ್ಣದು, ಜಿ5ಕ್ಕಿಂತ ಜಿ4 ದಪ್ಪ. ಸಣ್ಣದಿದ್ದರೆ ಒಂದು ಓವರ್‌ಗ್ರಿಪ್ ಸುತ್ತಿ. ಅದರಿಂದ ಸ್ವಿಂಗ್ ವೇಯ್ಟ್ ಹೆಚ್ಚುವುದಿಲ್ಲ ಅಂತ ಈಗ ನಿಮಗೇ ಗೊತ್ತು.